ಅಡುಗೆಮನೆ ತಕ್ಕಡಿ: ಅನ್ನ, ಹುಳಿ, ಮುದ್ದೆಯ ಕ್ಯಾಲೊರಿ ಲೆಕ್ಕ ಮನೆಯಲ್ಲೇ ಹಾಕುವುದು ಹೇಗೆ

ಮೂರು ತಿಂಗಳು ಅನ್ನ ಕಮ್ಮಿ ಮಾಡಿದೆ, ಕಾಫಿಗೆ ಸಕ್ಕರೆ ಬಿಟ್ಟೆ, ತೂಕ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಒಂದು ಡಿಜಿಟಲ್ ತಕ್ಕಡಿ ತಂದು, ಊಟದಲ್ಲಿ ಏನನ್ನೂ ಬದಲಾಯಿಸದೆ, ಒಂದು ವಾರ ಸುಮ್ನೆ ತೂಗಿ ತೂಗಿ ಬರೆದಿಟ್ಟೆ. ಕಳ್ಳ ಅನ್ನದ ಪಾತ್ರೆಯಲ್ಲಿ ಇರಲಿಲ್ಲ. ಬಿಸಿ ಅನ್ನಕ್ಕೆ ಬೀಳುವ ತುಪ್ಪ 12 ಗ್ರಾಂ, ಚಟ್ನಿಪುಡಿಗೆ ಕಲಸಿಕೊಳ್ಳುವ ಎಣ್ಣೆ 10 ಗ್ರಾಂ, ಸಂಜೆ ಡಬ್ಬಿಯಿಂದ ಕೈಗೆ ಬಂದಷ್ಟು ತೆಗೆದುಕೊಳ್ಳುವ ಕಡ್ಲೆಬೀಜ 45 ಗ್ರಾಂ. ಇಷ್ಟಕ್ಕೇ ಸುಮಾರು 430 ಕ್ಯಾಲೊರಿ! ಅದು 340 ಗ್ರಾಂ ಅನ್ನಕ್ಕೆ ಸಮ. ನಾನು ಕಷ್ಟಪಟ್ಟು ದಿನಕ್ಕೆ ಬಿಟ್ಟಿದ್ದ ಅನ್ನ ಅಷ್ಟೂ ಇರಲಿಲ್ಲ.

ತಕ್ಕಡಿ ಇಟ್ಟುಕೊಳ್ಳುವುದು ಕಮ್ಮಿ ತಿನ್ನುವುದಕ್ಕಲ್ಲ, ಎಲ್ಲಿ ಜಾಸ್ತಿ ಆಗುತ್ತಿದೆ ಅಂತ ನೋಡುವುದಕ್ಕೆ. ಆದರೆ ನಮ್ಮ ಅಡುಗೆಗೆ ಒಂದು ತೊಡಕಿದೆ. ಮೊಬೈಲ್ ಆ್ಯಪ್‌ಗಳಲ್ಲಿ 'ಒಂದು ಬಟ್ಟಲು ಸಾಂಬಾರ್' ಅಂತ ಇರುತ್ತದೆ. ಯಾರ ಮನೆ ಬಟ್ಟಲು? ಯಾರ ಮನೆ ಸಾಂಬಾರು? ಒಬ್ಬರದ್ದು ನೀರುನೀರು, ಇನ್ನೊಬ್ಬರದ್ದು ಅರ್ಧ ಹೋಳು ಕಾಯಿ ರುಬ್ಬಿ ಹಾಕಿದ ಮಂದ ಹುಳಿ. ನಾಲ್ಕು ಜನಕ್ಕೆ ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆಯನ್ನು ಒಬ್ಬರ ತಟ್ಟೆಯಿಂದ ಲೆಕ್ಕ ಹಾಕಲು ಆಗುವುದಿಲ್ಲ. ಪಾತ್ರೆಯಿಂದಲೇ ಶುರು ಮಾಡಬೇಕು. ಅದನ್ನು ಹೇಗೆ ಮಾಡುವುದು ಅಂತ ಹೇಳುತ್ತೇನೆ.

ಯಾವ ತಕ್ಕಡಿ ತರಬೇಕು

ತುಂಬಾ ಯೋಚಿಸಬೇಡಿ. 1 ಗ್ರಾಂ ಲೆಕ್ಕದಲ್ಲಿ ತೋರಿಸಬೇಕು, ಕನಿಷ್ಠ 5 ಕೆಜಿ ತಡೆಯಬೇಕು, ಅಷ್ಟೇ. 2 ಕೆಜಿಯದ್ದು ಅಗ್ಗಕ್ಕೆ ಸಿಗುತ್ತದೆ ಅಂತ ತಂದರೆ, ಹುಳಿ ತುಂಬಿದ ಕುಕ್ಕರ್ ಇಟ್ಟ ಕೂಡಲೇ ಕೈಕೊಡುತ್ತದೆ. 0.1 ಗ್ರಾಂ ತೋರಿಸುವ ಚಿನ್ನದಂಗಡಿ ಥರದ್ದು ನಮಗೆ ಬೇಡ. ಮೇಲ್ಭಾಗ ಒರೆಸಲು ಸುಲಭ ಇರಲಿ. ಸಾಧಾರಣ ಪೆನ್ಸಿಲ್ ಸೆಲ್ ಹಾಕುವಂಥದ್ದಾದರೆ ಒಳ್ಳೆಯದು, ನಾಣ್ಯದ ಥರದ ಸೆಲ್ ಓಣಿ ಕೊನೆಯ ಅಂಗಡಿಯಲ್ಲಿ ಸಿಗದೆ ತಕ್ಕಡಿ ಮೂಲೆ ಸೇರುವುದನ್ನು ನೋಡಿದ್ದೇನೆ.

'ನಮ್ಮಜ್ಜಿ ಪಾವು, ಸೇರಿನಲ್ಲೇ ಅಳೆದು ಅಡುಗೆ ಮಾಡುತ್ತಿದ್ದರು, ಲೋಟ ಸಾಲದಾ?' ಅಂತ ಕೇಳುವವರಿದ್ದಾರೆ. ಅಡುಗೆಗೆ ಖಂಡಿತ ಸಾಕು. ಕ್ಯಾಲೊರಿಗೆ ಸಾಲದು. ಪಾವು, ಲೋಟ ಎಲ್ಲ ಜಾಗದ ಅಳತೆ. ಒಂದು ಪಾವು ಅಕ್ಕಿಯ ತೂಕವೇ ಬೇರೆ, ಅದೇ ಪಾವಿನ ಅವಲಕ್ಕಿಯ ತೂಕವೇ ಬೇರೆ. ರಾಗಿ ಹಿಟ್ಟನ್ನು ಒತ್ತಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ತುಂಬಿದರೆ ಇನ್ನೊಂದು.

ತಂದ ದಿನ ಮಾಡಬೇಕಾದ್ದು

ಗಟ್ಟಿ, ಸಮತಟ್ಟಾದ ಜಾಗದಲ್ಲಿಡಿ. ಅಡುಗೆಮನೆ ಕಟ್ಟೆ ಸರಿ, ಅಲ್ಲಾಡುವ ಸ್ಟೂಲ್ ಬೇಡ, ಬಟ್ಟೆ ಹಾಸಿದ ಮೇಜೂ ಬೇಡ. ಆನ್ ಮಾಡಿ ಸೊನ್ನೆ ಬರುವವರೆಗೆ ಕಾಯಿರಿ. ಇನ್ನು ಪರೀಕ್ಷೆ. ತೂಕದ ಬಟ್ಟು ಮನೆಯಲ್ಲಿರುವುದಿಲ್ಲ, ಆದರೆ 10 ರೂಪಾಯಿ ನಾಣ್ಯ ಇರುತ್ತದೆ. ಒಂದೊಂದೂ ಸುಮಾರು 7.7 ಗ್ರಾಂ. ಹತ್ತು ನಾಣ್ಯ ಇಟ್ಟರೆ 77 ಬರಬೇಕು. ಒಂದು ಗ್ರಾಂ ಆಚೀಚೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ, 70 ತೋರಿಸಿದರೆ ವಾಪಸ್ ಕೊಡಿ. ಅದೇ ನಾಣ್ಯಗಳನ್ನು ನಾಲ್ಕೂ ಮೂಲೆಗೆ ಸರಿಸಿ ನೋಡಿ, ಎಲ್ಲ ಕಡೆ ಒಂದೇ ತೂಕ ಬರಬೇಕು.

ಆಮೇಲೆ 'ಟೇರ್' ಬಟನ್. ಇಡೀ ತಕ್ಕಡಿಯ ಜೀವ ಅದರಲ್ಲೇ ಇದೆ. ಖಾಲಿ ಬಟ್ಟಲು ಇಡಿ, ಟೇರ್ ಒತ್ತಿ, ಸೊನ್ನೆ ಬರುತ್ತದೆ, ಈಗ ಹಾಕಿದ್ದರ ತೂಕ ಮಾತ್ರ ಕಾಣುತ್ತದೆ. ಬೇಳೆ ಹಾಕಿದಿರಿ, ಬರೆದುಕೊಂಡಿರಿ, ಮತ್ತೆ ಟೇರ್ ಒತ್ತಿ ತರಕಾರಿ ಹಾಕಿದಿರಿ. ಹೀಗೆ ಒಂದೇ ಪಾತ್ರೆಯಲ್ಲಿ ಎಲ್ಲ ತೂಗಬಹುದು, ಹತ್ತು ಬಟ್ಟಲು ತೊಳೆಯುವ ಗೋಳಿಲ್ಲ.

ಇನ್ನೆರಡು ಸಂಗತಿ. ತಕ್ಕಡಿಯಲ್ಲಿ ಮಿಲಿಲೀಟರ್ ತೋರಿಸುವ ಬಟನ್ ಇರುತ್ತದೆ, ಅದು ನೀರಿನ ಲೆಕ್ಕ. ಎಣ್ಣೆಗೆ ಅದನ್ನು ನಂಬಬೇಡಿ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ಮೇಲೆ 910 ಗ್ರಾಂ ಅಂತಲೇ ಬರೆದಿರುತ್ತದೆ, ನೋಡಿ. ಯಾವಾಗಲೂ ಗ್ರಾಂನಲ್ಲೇ ಇಟ್ಟುಬಿಡಿ. ಎರಡನೆಯದು, ಒಂದೆರಡು ನಿಮಿಷ ಸುಮ್ಮನಿದ್ದರೆ ತಕ್ಕಡಿ ತಾನೇ ಆಫ್ ಆಗುತ್ತದೆ, ಟೇರ್ ಮಾಡಿದ್ದೂ ಹೋಗುತ್ತದೆ. ಈರುಳ್ಳಿ ಹೆಚ್ಚಿ ಬಂದು ಹಾಕುವಷ್ಟರಲ್ಲಿ ಲೆಕ್ಕ ಮಂಗಮಾಯ. ಎಲ್ಲ ಹೆಚ್ಚಿಟ್ಟುಕೊಂಡೇ ತೂಗಲು ನಿಂತುಕೊಳ್ಳಿ.

ಹಸಿ ತೂಕ, ಬೆಂದ ತೂಕ

ಹೊಸಬರು ಎಡವುವುದು ಇಲ್ಲೇ. ಅಕ್ಕಿ ಪ್ಯಾಕೆಟ್ ಮೇಲೆ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಅಂತಿರುತ್ತದೆ. ತಟ್ಟೆಯಲ್ಲಿ 200 ಗ್ರಾಂ ಅನ್ನ ತೂಗಿ, 700 ಕ್ಯಾಲೊರಿ ಅಂತ ಬರೆದು, ಗಾಬರಿಯಾಗಿ ಅನ್ನವನ್ನೇ ಬಿಟ್ಟವರಿದ್ದಾರೆ. ಆ 350 ಹಸಿ ಅಕ್ಕಿಯದ್ದು. ಅಕ್ಕಿ ನೀರು ಕುಡಿದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ, ನೀರಿಗೆ ಕ್ಯಾಲೊರಿ ಇಲ್ಲ.

ನಮ್ಮ ಮನೆಯ ಒಂದು ದಿನದ ಲೆಕ್ಕ ಇದು. 300 ಗ್ರಾಂ ಅಕ್ಕಿ, 100 ಗ್ರಾಂಗೆ 356ರಂತೆ 1068 ಕ್ಯಾಲೊರಿ. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದರೆ 840 ಗ್ರಾಂ ಅನ್ನ. 1068ನ್ನು 840ರಿಂದ ಭಾಗಿಸಿದರೆ ಗ್ರಾಂಗೆ 1.27. ನನ್ನ ತಟ್ಟೆಗೆ ಬಿದ್ದದ್ದು 220 ಗ್ರಾಂ, ಅಂದರೆ 280 ಕ್ಯಾಲೊರಿ. ಮುಗೀತು.

ಸೋನಾಮಸೂರಿಗೆ ನಿಮ್ಮ ಮನೆಯಲ್ಲಿ ಹಾಕುವ ನೀರು ಹೆಚ್ಚುಕಮ್ಮಿ ಒಂದೇ ಇರುತ್ತದಲ್ವಾ, ಹಾಗಾಗಿ ಮೂರ್ನಾಲ್ಕು ಸಲ ಮಾಡಿ ನೋಡಿದರೆ ಆ ಸಂಖ್ಯೆ ನಿಂತುಬಿಡುತ್ತದೆ. ಆಮೇಲೆ ಪಾತ್ರೆ ತೂಗುವುದೇ ಬೇಡ, ತಟ್ಟೆಯ ಅನ್ನ ತೂಗಿದರೆ ಸಾಕು. ಗಂಜಿ ಬಸಿಯುವವರಿಗೆ ಸ್ವಲ್ಪ ಗಂಜಿಯಲ್ಲಿ ಹೋಗುತ್ತದೆ, ಲೆಕ್ಕ ಒಂಚೂರು ಜಾಸ್ತಿ ಬರುತ್ತದೆ. ಪರವಾಗಿಲ್ಲ.

ಹಸಿ ಪದಾರ್ಥದ ಸಂಖ್ಯೆ ಎಲ್ಲಿಂದ ತರುವುದು? ಪ್ಯಾಕೆಟ್ ಇದ್ದರೆ ಅದರ ಲೇಬಲ್. ಸಂತೆಯಿಂದ ತಂದದ್ದಾದರೆ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಪಟ್ಟಿ ಇದೆ. 528 ಆಹಾರಗಳನ್ನು ನಮ್ಮ ದೇಶದ ಮಾದರಿಗಳಿಂದಲೇ ಅಳೆದದ್ದು. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿದರೆ ಕ್ಯಾಲೊರಿ. ನನ್ನ ಫ್ರಿಡ್ಜ್ ಮೇಲೆ ಅಂಟಿಸಿರುವ ಚೀಟಿಯಲ್ಲಿ 100 ಗ್ರಾಂಗೆ ಇಷ್ಟಿದೆ: ರಾಗಿ 320, ಗೋಧಿ ಹಿಟ್ಟು 320, ತೊಗರಿಬೇಳೆ 330, ಉದ್ದಿನಬೇಳೆ 324, ಕಡ್ಲೆಬೀಜ 520, ಹಸಿ ತೆಂಗಿನಕಾಯಿ 409, ಒಣ ಕೊಬ್ಬರಿ 624, ಎಣ್ಣೆ ಮತ್ತು ತುಪ್ಪ 900. ನಮ್ಮ ಮನೆಯ ಮುಕ್ಕಾಲು ಅಡುಗೆ ಇದರಲ್ಲೇ ಮುಗಿಯುತ್ತದೆ.

ಹುಳಿಯ ಲೆಕ್ಕ

ಮೊದಲು ಒಂದು ಭಾನುವಾರ ಕೂತು, ದಿನಾ ಬಳಸುವ ಪಾತ್ರೆಗಳ ಖಾಲಿ ತೂಕ ಬರೆದಿಡಿ. ಕುಕ್ಕರ್ ಮುಚ್ಚಳ ಬಿಟ್ಟು, ಹುಳಿ ಪಾತ್ರೆ, ಬಾಣಲೆ, ಅನ್ನದ ತಪ್ಪಲೆ. ನಾನು ಪಾತ್ರೆಯ ತಳದಲ್ಲೇ ಮಾರ್ಕರ್‌ನಲ್ಲಿ ಬರೆದಿದ್ದೆ, ಎರಡೇ ದಿನದಲ್ಲಿ ಗ್ಯಾಸ್ ಉರಿಗೆ ಅಳಿಸಿಹೋಯಿತು. ಅದಕ್ಕೂ ಮುಂಚೆ ಅಮ್ಮ 'ಈ ಕುಕ್ಕರ್ 1140 ರೂಪಾಯಿಯಾ?' ಅಂತ ಕೇಳಿದ್ದರು. ಈಗ ಕಪಾಟಿನ ಬಾಗಿಲ ಒಳಗೆ ಚೀಟಿ ಅಂಟಿಸಿದ್ದೇನೆ.

ಇನ್ನು ಅಡುಗೆ. ಹಾಕುವ ಪ್ರತಿಯೊಂದನ್ನೂ ಹಸಿಯಾಗಿ ತೂಗಿ. ಮೊನ್ನೆಯ ಹುಳಿಗೆ ತೊಗರಿಬೇಳೆ 100 ಗ್ರಾಂ (330 ಕ್ಯಾಲೊರಿ), ಬೀನ್ಸು ಕ್ಯಾರೆಟ್ಟು ಸೇರಿ 300 ಗ್ರಾಂ (ಸುಮಾರು 90), ಕಾಯಿತುರಿ 50 ಗ್ರಾಂ (205), ಒಗ್ಗರಣೆ ಎಣ್ಣೆ 15 ಗ್ರಾಂ (135), ಬೆಲ್ಲ 10 ಗ್ರಾಂ (36). ಒಟ್ಟು 796. ಹುಣಸೆಹಣ್ಣು, ಹುಳಿಪುಡಿ, ಉಪ್ಪು, ಕರಿಬೇವು ಲೆಕ್ಕಕ್ಕಿಲ್ಲ, ಬಿಟ್ಟುಬಿಡಿ. ಕುದಿದು ಇಳಿಸಿದ ಮೇಲೆ ಪಾತ್ರೆ ಸಮೇತ 1900 ಗ್ರಾಂ, ಪಾತ್ರೆ 650, ಹುಳಿ 1250. ಅಂದರೆ 100 ಗ್ರಾಂಗೆ 64 ಕ್ಯಾಲೊರಿ. ನಮ್ಮ ಸೌಟಿನಲ್ಲಿ 120 ಗ್ರಾಂ ಹಿಡಿಯುತ್ತದೆ, ಒಂದು ಸೌಟಿಗೆ 77.

ಆ ಸೌಟಿನ ತೂಕ ಒಂದು ಸಲ ನೋಡಿಟ್ಟುಕೊಂಡರೆ ಊಟದ ಹೊತ್ತಿನಲ್ಲಿ ತಕ್ಕಡಿ ಬೇಕಾಗುವುದಿಲ್ಲ, 'ಎರಡು ಸೌಟು' ಅಂತ ಬರೆದರಾಯಿತು. ಎಲ್ಲರೂ ಊಟಕ್ಕೆ ಕೂತಾಗ ತಟ್ಟೆಯನ್ನು ತಕ್ಕಡಿ ಮೇಲಿಟ್ಟುಕೊಂಡು ಬಡಿಸಿಕೊಳ್ಳುವುದು ನೋಡಲು ಚೆನ್ನಾಗಿರುವುದಿಲ್ಲ, ಮನೆಯವರಿಗೂ ಕಿರಿಕಿರಿ. ಬಡಿಸುವ ಮುಂಚೆ ಮಾತ್ರ ಚೆನ್ನಾಗಿ ಕಲಕಿ. ಬೇಳೆ ತಳಕ್ಕೆ ಹೋಗಿರುತ್ತದೆ, ಮೇಲಿನ ತಿಳಿ ಹಾಕಿಕೊಂಡವರಿಗೆ ಒಂದು ಲೆಕ್ಕ, ಕೊನೆಗೆ ಉಂಡವರಿಗೆ ಇನ್ನೊಂದು.

ಬಿಸಿ ಪಾತ್ರೆಯನ್ನು ನೇರ ತಕ್ಕಡಿ ಮೇಲೆ ಇಡಬೇಡಿ, ಒಳಗಿನ ಸೆನ್ಸರ್ ಬಿಸಿಗೆ ಹಾಳಾಗುತ್ತದೆ. ಚಪಾತಿ ಮಣೆ ಇಟ್ಟು ಟೇರ್ ಮಾಡಿ ಅದರ ಮೇಲಿಡಿ. ಅಗಲ ಪಾತ್ರೆ ಇಟ್ಟರೆ ಸಂಖ್ಯೆಯೇ ಕಾಣುವುದಿಲ್ಲ ಅಂತ ಒದ್ದಾಡುತ್ತೀರಿ, ಆಗ ಒಂದು ಗಟ್ಟಿ ಬಟ್ಟಲನ್ನು ಬೋರಲು ಹಾಕಿ, ಟೇರ್ ಒತ್ತಿ, ಮೇಲೆ ಪಾತ್ರೆ ಇಟ್ಟರೆ ಸರಿ. ಆಯತಪ್ಪದಂತೆ ನೋಡಿಕೊಳ್ಳಿ ಅಷ್ಟೇ.

ಪಲ್ಯ, ಗೊಜ್ಜು, ಸಾಗು, ಚಿತ್ರಾನ್ನ ಎಲ್ಲಕ್ಕೂ ಇದೇ ದಾರಿ. ಕೋಳಿ ಸಾರಿಗೆ ಮಾತ್ರ ತಟ್ಟೆಯಲ್ಲಿ ಉಳಿದ ಮೂಳೆ ತೂಗಿ ಕಳೆಯಬೇಕು. ಬಾಳೆಹಣ್ಣು, ಮಾವಿನಹಣ್ಣಿಗೂ ಹಾಗೇ. ಇಡೀ ಹಣ್ಣು ತೂಗಿ, ತಿಂದು, ಸಿಪ್ಪೆ ವಾಟೆ ತೂಗಿ ಕಳೆಯಿರಿ.

ಮುದ್ದೆ, ಚಪಾತಿ, ದೋಸೆ

ಮುದ್ದೆ ಬಹಳ ಸುಲಭ, ಯಾಕೆಂದರೆ ಎಣ್ಣೆ ಇಲ್ಲ. ಒಟ್ಟು ಹಿಟ್ಟು ತೂಗಿ, ಸಮನಾಗಿ ಕಟ್ಟಿದರೆ ಮುದ್ದೆಗಳ ಸಂಖ್ಯೆಯಿಂದ ಭಾಗಿಸಿ. 320 ಗ್ರಾಂ ಹಿಟ್ಟಿನಲ್ಲಿ ನಾಲ್ಕು ಮುದ್ದೆ ಕಟ್ಟಿದರೆ ಒಂದೊಂದಕ್ಕೆ 80 ಗ್ರಾಂ ಹಿಟ್ಟು, 256 ಕ್ಯಾಲೊರಿ. ಅಪ್ಪನಿಗೆ ದೊಡ್ಡದು, ಮಕ್ಕಳಿಗೆ ಚಿಕ್ಕದು ಅಂತ ಕಟ್ಟುವ ಮನೆಯಾದರೆ ಒಟ್ಟು ಬೆಂದ ತೂಕ ನೋಡಿ ಅನ್ನದ ಥರವೇ ಮಾಡಿ.

ಚಪಾತಿಗೆ ಕಲಸಿದ ಹಿಟ್ಟನ್ನು ತೂಗಬೇಕು, ಬೆಂದ ಚಪಾತಿಯನ್ನಲ್ಲ. ಬೆಂದದ್ದು ಒಂದು ಒಣಗಿರುತ್ತದೆ, ಒಂದು ಮೆತ್ತಗಿರುತ್ತದೆ. 300 ಗ್ರಾಂ ಹಿಟ್ಟಿಗೆ 190 ನೀರು ಹಾಕಿ ಕಲಸಿದರೆ 490 ಗ್ರಾಂ ಕಣಕ, 960 ಕ್ಯಾಲೊರಿ. 41 ಗ್ರಾಂನ ಉಂಡೆಗೆ 80 ಬರುತ್ತದೆ. ಮೇಲೆ ಸವರುವ ಎಣ್ಣೆ 3 ಗ್ರಾಂ ಆದರೂ 27 ಸೇರುತ್ತದೆ.

ದೋಸೆಗೆ ನೆನೆಹಾಕುವಾಗಲೇ ತೂಗಿಬಿಡಿ. 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದು, 1392 ಕ್ಯಾಲೊರಿ. ರುಬ್ಬಿದ ಹಿಟ್ಟು 1000 ಗ್ರಾಂ ಆದರೆ 80 ಗ್ರಾಂ ಹುಯ್ದ ಒಂದು ದೋಸೆಗೆ 111. ಹಿಟ್ಟು ಹುದುಗಿ ಉಬ್ಬಿದರೂ ತೂಕ ಹೆಚ್ಚುವುದಿಲ್ಲ, ಆ ಬಗ್ಗೆ ತಲೆಬಿಸಿ ಬೇಡ. ಬಟ್ಟಲಿನ ಲೆಕ್ಕದವರು ಎಡವುವುದು ಇಲ್ಲಿಯೇ, ಉಬ್ಬಿದ ಹಿಟ್ಟು ಒಂದು ಸೌಟಿಗೆ ಕಮ್ಮಿ ತೂಗುತ್ತದೆ.

ಎಣ್ಣೆಯನ್ನು ತೂಗುವ ಉಪಾಯ

ಇದೊಂದನ್ನು ಮಾಡಿದರೂ ತಕ್ಕಡಿಗೆ ಕೊಟ್ಟ ದುಡ್ಡು ವಾಪಸ್ ಬಂದ ಹಾಗೆ. ಎಣ್ಣೆ ಕ್ಯಾನನ್ನೇ ತಕ್ಕಡಿ ಮೇಲಿಡಿ. ಟೇರ್ ಒತ್ತಿ. ಕ್ಯಾನ್ ಎತ್ತಿ ಬಾಣಲೆಗೆ ಎಂದಿನಂತೆ ಹುಯ್ಯಿರಿ, ವಾಪಸ್ ಇಡಿ. ತಕ್ಕಡಿ ಮೈನಸ್ 18 ತೋರಿಸಿದರೆ 18 ಗ್ರಾಂ ಎಣ್ಣೆ ಬಾಣಲೆಗೆ ಹೋಯಿತು, 162 ಕ್ಯಾಲೊರಿ. ಚಮಚ ಬೇಡ, ಜಿಡ್ಡು ಒರೆಸುವುದು ಬೇಡ. ತುಪ್ಪದ ಮಿಳ್ಳೆ, ಕಡ್ಲೆಬೀಜದ ಡಬ್ಬಿ, ಚಕ್ಕುಲಿ ಡಬ್ಬ, ಎಲ್ಲಕ್ಕೂ ಇದೇ ಉಪಾಯ. ಡಬ್ಬಿ ಇಟ್ಟು, ಟೇರ್ ಮಾಡಿ, ತಿಂದು, ಕೊನೆಗೆ ಮೈನಸ್ ಎಷ್ಟು ಅಂತ ನೋಡಿ. ಮೊದಲ ದಿನ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಪೂರಿ, ಬೋಂಡ ಕರಿದ ದಿನ ಕರಿಯುವ ಮುಂಚೆ ಬಾಣಲೆ ಸಮೇತ ಎಣ್ಣೆ ತೂಗಿ, ಮುಗಿದ ಮೇಲೆ ಪೂರ್ತಿ ತಣ್ಣಗಾದಾಗ ಮತ್ತೆ ತೂಗಿ. ಕಡಿಮೆಯಾದದ್ದು ಹೊಟ್ಟೆಗೆ ಹೋಗಿದೆ, ಒಂಚೂರು ಪೇಪರಿಗೆ. ಬಿಸಿ ಎಣ್ಣೆಯ ಬಾಣಲೆಯನ್ನು ಯಾವ ಕಾರಣಕ್ಕೂ ತಕ್ಕಡಿಗೆ ಎತ್ತಿಡಬೇಡಿ, ಲೆಕ್ಕ ತಪ್ಪಿದರೆ ತಪ್ಪಲಿ.

ಎಣ್ಣೆಯನ್ನೇ ಇಷ್ಟು ಹಿಡಿದುಕೊಂಡಿದ್ದು ಯಾಕೆಂದರೆ, ಪಿಷ್ಟ, ಸಕ್ಕರೆ, ಪ್ರೋಟೀನ್ ಎಲ್ಲ ಗ್ರಾಂಗೆ ಸುಮಾರು 4 ಕ್ಯಾಲೊರಿ, ಕೊಬ್ಬು ಮಾತ್ರ 9. ಬೀನ್ಸ್ 50 ಗ್ರಾಂ ತಪ್ಪಾಗಿ ತೂಗಿದರೂ ಹದಿನೈದಿಪ್ಪತ್ತು ಕ್ಯಾಲೊರಿ ವ್ಯತ್ಯಾಸ. ಎಣ್ಣೆ 10 ಗ್ರಾಂ ತಪ್ಪಿದರೆ 90. ಅದಕ್ಕೇ ತರಕಾರಿಯನ್ನು ಅಂದಾಜಿಗೆ ಬಿಡಿ, ಎಣ್ಣೆ, ತುಪ್ಪ, ಕಾಯಿ, ಬೀಜಗಳನ್ನು ಬಿಡಬೇಡಿ.

ತಕ್ಕಡಿಯೇ ಬೇಡದ ಒಂದು ಲೆಕ್ಕವೂ ಇದೆ. ತಿಂಗಳಿಗೆ ಎಷ್ಟು ಎಣ್ಣೆ ಪ್ಯಾಕೆಟ್ ಖಾಲಿಯಾಗುತ್ತದೆ ನೋಡಿ. ನಾಲ್ಕು ಜನರ ಮನೆಗೆ 5 ಲೀಟರ್ ಅಂದುಕೊಳ್ಳಿ. 4550 ಗ್ರಾಂ, ಮೂವತ್ತು ದಿನ, ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 38 ಗ್ರಾಂ, 340 ಕ್ಯಾಲೊರಿ. ತುಪ್ಪ, ಬೆಣ್ಣೆ, ಹೋಟೆಲ್ ಮಸಾಲೆದೋಸೆ ಇನ್ನೂ ಸೇರಿಲ್ಲ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2000 ಕ್ಯಾಲೊರಿ ಊಟದ ಮಾದರಿಯಲ್ಲಿ ಎಣ್ಣೆ ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ.

ಪ್ಯಾಕೆಟ್ ಓದುವಾಗ

ಲೇಬಲ್‌ನಲ್ಲಿ 100 ಗ್ರಾಂನ ಸಾಲನ್ನೇ ನೋಡಿ, 'ಒಂದು ಸರ್ವಿಂಗ್' ಸಾಲನ್ನಲ್ಲ. ಸರ್ವಿಂಗ್ ಅಂದರೆ 20 ಗ್ರಾಂ ಅಂತ ಕಂಪನಿ ತೀರ್ಮಾನಿಸಿರುತ್ತದೆ, 20 ಗ್ರಾಂ ಖಾರಾ ಮಿಕ್ಸ್ಚರ್ ತೂಗಿ ನೋಡಿ, ಅದು ರುಚಿ ನೋಡುವುದಕ್ಕೂ ಸಾಲದು. ಲೇಬಲ್‌ನ 'ಕಿಲೋ ಕ್ಯಾಲೊರಿ'ಯೂ ನಾವು ಮಾತಿನಲ್ಲಿ ಹೇಳುವ 'ಕ್ಯಾಲೊರಿ'ಯೂ ಒಂದೇ, ಗಾಬರಿ ಬೇಡ. ಹಾಲಿಗೆ ಪ್ಯಾಕೆಟ್ ಮೇಲಿನ ಕೊಬ್ಬಿನ ಪ್ರಮಾಣ ಮುಖ್ಯ. 3% ಕೊಬ್ಬಿನ ಟೋನ್ಡ್ ಹಾಲಿಗೂ 6% ಇರುವ ಗಟ್ಟಿ ಹಾಲಿಗೂ 100 ಮಿಲಿಗೆ ಕೊಬ್ಬಿನಿಂದಲೇ 27 ಕ್ಯಾಲೊರಿ ವ್ಯತ್ಯಾಸ. ದಿನಕ್ಕೆ ನಾಲ್ಕು ಕಾಫಿ ಕುಡಿಯುವವರು ಗುಣಿಸಿಕೊಳ್ಳಿ.

ಎಷ್ಟು ತಿನ್ನಬೇಕು, ಎಷ್ಟು ದಿನ ತೂಗಬೇಕು

2020ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ 65 ಕೆಜಿ ಗಂಡಸಿಗೆ ದಿನಕ್ಕೆ 2110, 55 ಕೆಜಿ ಹೆಂಗಸಿಗೆ 1660 ಕ್ಯಾಲೊರಿ. ಅದು ಸರಾಸರಿ. ನಿಮ್ಮದು ಎಷ್ಟು ಅಂತ ನಿಮ್ಮ ಡೈರಿಯೇ ಹೇಳುತ್ತದೆ. ಎರಡು ವಾರ ಇದ್ದ ಹಾಗೇ ತಿಂದು ಬರೆಯಿರಿ, ತೂಕ ಏರದೆ ಇಳಿಯದೆ ನಿಂತಿದ್ದರೆ ಆ ದಿನಗಳ ಸರಾಸರಿಯೇ ನಿಮ್ಮ ಸಂಖ್ಯೆ. ಇಳಿಸಬೇಕಾದರೆ ಅದರಿಂದ ಮುನ್ನೂರು ನಾನೂರು ಕಳೆಯಿರಿ, ಅದೂ ಮೊದಲು ಎಣ್ಣೆ ಮತ್ತು ಕುರುಕಲಿನಿಂದ. ಬೇಳೆ, ಮೊಸರು, ಮೊಟ್ಟೆಗೆ ಕೈಹಾಕಬೇಡಿ.

ಮದುವೆ ಮನೆಯಲ್ಲಿ, ಹೋಟೆಲ್‌ನಲ್ಲಿ ಅಂದಾಜು ಬರೆದು ಬಿಡಿ. ಬಾಳೆ ಎಲೆ ಮುಂದೆ ತಕ್ಕಡಿ ಇಡುವವರು ಯಾರೂ ಇಲ್ಲ, ಹೋಳಿಗೆಗೆ ತುಪ್ಪ ಹಾಕುವವರು ನಿಮ್ಮನ್ನು ಕೇಳಿ ಹಾಕುವುದೂ ಇಲ್ಲ.

ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು ಇದಕ್ಕೆ ಹೋಗಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಮ್ಮಿ ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಸಕ್ಕರೆ ಅಂಶ ಕುಸಿಯುವ ಅಪಾಯ ಇದೆ. ತೂಗದೆ ಒಂದು ತುತ್ತು ತಿಂದರೂ ಮನಸ್ಸಿಗೆ ಕಸಿವಿಸಿ ಆಗಲು ಶುರುವಾದರೆ ತಕ್ಕಡಿಯನ್ನು ಅಟ್ಟಕ್ಕೆ ಹಾಕಿ, ಮನೆಯವರ ಹತ್ತಿರವೋ ಡಾಕ್ಟರ ಹತ್ತಿರವೋ ಮಾತಾಡಿ.

ನಾನು ಎಲ್ಲವನ್ನೂ ತೂಗಿದ್ದು ಐದು ವಾರ. ಈಗ ಅನ್ನ ಹಾಕಿಕೊಂಡರೆ ಹತ್ತಿಪ್ಪತ್ತು ಗ್ರಾಂ ಆಚೀಚೆ ಕಣ್ಣಿಗೇ ಗೊತ್ತಾಗುತ್ತದೆ, ಅದಕ್ಕೆ ತಕ್ಕಡಿ ಬೇಡ. ಎಣ್ಣೆ ಕ್ಯಾನು ಮಾತ್ರ ಇವತ್ತಿಗೂ ತಕ್ಕಡಿ ಮೇಲೇ ಕೂತಿರುತ್ತದೆ, ಅದರ ಜಾಗವೇ ಅದು ಅನ್ನುವ ಹಾಗೆ. ಕಡ್ಲೆಬೀಜವನ್ನು ಭಾನುವಾರ 25 ಗ್ರಾಂನ ಏಳು ಪುಟ್ಟ ಡಬ್ಬಿಗೆ ತುಂಬಿಡುತ್ತೇನೆ. ಗುರುವಾರದ ಹೊತ್ತಿಗೆ ಏಳೂ ಖಾಲಿಯಾಗಿರುತ್ತವೆ, ಅದು ಬೇರೆ ವಿಷಯ.